ಮೋಟರ್ ತಿರಗತೈತಿ, ಟ್ರ್ಯಾಕ್ಟರ್ ಹೋಗವಲ್ದು: ಬ್ಲಾಕ್ ಗಾಡಿಯ ದೋಷ ಹುಡುಕುವ ಬಗೆ

ಆಟಿಕೆ ಬ್ಲಾಕುಗಳಿಂದ ಕಟ್ಟಿದ ಗಾಡಿ ನಿಂತಿತು ಅಂದರೆ ಮಕ್ಕಳು ಮೊದಲು ಸೆಲ್ ಬದಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಇಡೀ ಗಾಡಿಯನ್ನೇ ಬಿಚ್ಚಿ ಹಾಕುತ್ತಾರೆ. ಎರಡಕ್ಕೂ ಅವಸರ ಮಾಡಬಾರದು. ಸೆಲ್ ಬದಲಿಸಿದರೆ ದುಡ್ಡು ಹೋದೀತು, ಅಷ್ಟೇ. ಬಿಚ್ಚಿದರೆ ದೋಷದ ಗುರುತೇ ಅಳಿಸಿಹೋಗುತ್ತದೆ. ಮತ್ತೆ ಕಟ್ಟುವಾಗ ಅದೇ ಕೈ ಅದೇ ಜಾಗದಲ್ಲಿ ಅದೇ ದೋಷವನ್ನು ಕೂಡಿಸುತ್ತದೆ.

ಮೋಟರಿನಲ್ಲಿ ಹುಟ್ಟಿದ ತಿರುಗು ಒಂದು ಅಚ್ಚಿನಿಂದ (ಗಾಲಿ, ಗಿಯರ್ ಕೂರುವ ಕಡ್ಡಿಯಿಂದ) ಇನ್ನೊಂದಕ್ಕೆ, ಒಂದು ಗಿಯರಿನಿಂದ ಇನ್ನೊಂದಕ್ಕೆ ದಾಟುತ್ತ ಗಾಲಿಗೆ ಬರಬೇಕು, ಗಾಲಿಯಿಂದ ನೆಲಕ್ಕೆ ಇಳಿಯಬೇಕು. ಎಲ್ಲೋ ಒಂದು ಕಡೆ ಅದು ನಿಂತಿದೆ. ಆ ಜಾಗವನ್ನು ಬೆರಳಿನಿಂದಲೇ ಹುಡುಕಬಹುದು. ಸೆಲ್, ತಂತಿ, ರಿಮೋಟುಗಳ ಸರದಿ ಆಮೇಲಿನದು.

ಧಾರವಾಡದಲ್ಲಿ ರವಿವಾರ ಮಕ್ಕಳ ಜೊತೆ ಕೂತು ಗಾಡಿ ಕಟ್ಟುವಾಗ ನಮ್ಮಲ್ಲಿ ಹೆಚ್ಚಾಗಿ ಹುಟ್ಟುವುದು ಟ್ರ್ಯಾಕ್ಟರ್. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳ ನಂಟು ಇರುವ ಮನೆಗಳ ಮಕ್ಕಳಿಗೆ ಕಾರಿಗಿಂತ ಅದೇ ಇಷ್ಟ. ಆದ್ದರಿಂದ ಇಲ್ಲಿನ ಮಾದರಿಯೂ ಟ್ರ್ಯಾಕ್ಟರೇ. ಹಿಂದಿನ ಎರಡು ಗಾಲಿಗಳನ್ನು ಮೋಟರ್ ತಿರುಗಿಸುತ್ತದೆ, ಮುಂದಿನವು ಸುಮ್ಮನೆ ಉರುಳುತ್ತವೆ. ಹಿಂಗಾಲಿಯ ವ್ಯಾಸ 62 ಮಿಲಿಮೀಟರ್. ಮೋಟರಿನ ಅಚ್ಚಿನ ಮೇಲೆ 8 ಹಲ್ಲಿನ ಗಿಯರ್, ಅದು ತಿರುಗಿಸುವುದು 24 ಹಲ್ಲಿನದನ್ನು. ಆ ನಡುವಿನ ಅಚ್ಚಿನ ಮೇಲೆ ಮತ್ತೊಂದು 8, ಅದು ಹಿಂಗಾಲಿ ಅಚ್ಚಿನ 24ನ್ನು ತಿರುಗಿಸುತ್ತದೆ. ಮೋಟರ್ ಒಂಬತ್ತು ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. ಹಿಂದೆ ಒಂದು ಟ್ರ್ಯಾಲಿ. ಅಳತೆಗಳೆಲ್ಲ ಲೆಗೊ ಬ್ಲಾಕುಗಳವು. ಅವುಗಳಿಗೆ ಹೊಂದುವ ಬೇರೆ ಬ್ಲಾಕುಗಳೂ ಇದೇ ಅಳತೆಯಲ್ಲಿ ಇರುತ್ತವೆ.

ಮೂರು ಕಡೆ ಓಡಿಸಿ ನೋಡಿ

ಏನನ್ನೂ ಬಿಚ್ಚುವ ಮೊದಲು ಗಾಡಿಯನ್ನು ಕೈಯಲ್ಲಿ ಎತ್ತಿ ಹಿಡಿದು ಚಾಲೂ ಮಾಡಿ. ಆಮೇಲೆ ಟ್ರ್ಯಾಲಿ ಇಲ್ಲದೆ ನೆಲದ ಮೇಲೆ, ಕೊನೆಗೆ ಟ್ರ್ಯಾಲಿ ಕಟ್ಟಿ. ಎತ್ತಿ ಹಿಡಿದಾಗಲೇ ಗಾಲಿ ತಿರುಗದಿದ್ದರೆ ದೋಷ ಗಾಡಿಯ ಒಳಗೇ ಇದೆ: ಬಿಗಿತ, ತಪ್ಪಿದ ಗಿಯರ್ ಅಥವಾ ಸತ್ತ ಸೆಲ್. ಗಾಳಿಯಲ್ಲಿ ಚೆನ್ನಾಗಿ ತಿರುಗಿ ನೆಲದ ಮೇಲೆ ನಿಂತರೆ ಶಕ್ತಿ ಸಾಲುತ್ತಿಲ್ಲ, ಇಲ್ಲವೇ ಭಾರಕ್ಕೆ ಚೌಕಟ್ಟು ಬಾಗಿ ಅಚ್ಚು ಹಿಡಿದುಕೊಳ್ಳುತ್ತಿದೆ. ಟ್ರ್ಯಾಲಿ ಕಟ್ಟಿದಾಗ ಮಾತ್ರ ತಕರಾರು ಅಂದರೆ ಹಿಡಿತ, ಭಾರ, ಕೊಂಡಿಯ ಎತ್ತರ ನೋಡಬೇಕು. ಇಷ್ಟರಲ್ಲೇ ಹುಡುಕಾಟದ ಹಾದಿ ಅರ್ಧ ಸವೆದಿರುತ್ತದೆ.

ಗಾಲಿ ಕೈಗೆ ಬಿಗಿ ಅನಿಸಿದರೆ

ಮೋಟರನ್ನು ಗಿಯರಿನಿಂದ ಬಿಡಿಸಿ ಹಿಂಗಾಲಿಯನ್ನು ಬೆರಳಿನಿಂದ ಒಮ್ಮೆ ತಳ್ಳಿ. ಬೆರಳು ಬಿಟ್ಟ ಮೇಲೂ ಅದು ತುಸು ಹೊತ್ತು ತಾನಾಗಿ ತಿರುಗಬೇಕು. ಬಿಟ್ಟ ತಕ್ಷಣ ನಿಂತರೆ ಬಿಗಿತವಿದೆ. ಒಂದು ಎಚ್ಚರಿಕೆ: ಗಾಡಿಯಲ್ಲಿ ವರ್ಮ್ ಗಿಯರ್ ಇದ್ದರೆ, ಅಂದರೆ ಸ್ಕ್ರೂ ಥರ ಸುರುಳಿ ಇರುವ ಗಿಯರ್, ಗಾಲಿಯ ಕಡೆಯಿಂದ ತಿರುಗಿಸಿದರೆ ಅದು ಜಗ್ಗುವುದೇ ಇಲ್ಲ. ಅದರ ಸ್ವಭಾವವೇ ಹಾಗೆ, ದೋಷವಲ್ಲ. ಬಲ ಹಾಕಿ ತಿರುಗಿಸಿದರೆ ಹಲ್ಲು ಹೋಗುತ್ತದೆ.

ಬಿಗಿತಕ್ಕೆ ಬಹಳ ಸಲ ಕಾರಣವಾಗುವುದು ಬುಷ್. ಅಚ್ಚು ಅತ್ತಿತ್ತ ಸರಿಯದಿರಲಿ ಎಂದು ಎರಡೂ ಕಡೆ ಹಾಕುವ ಆ ಪುಟ್ಟ ಬಳೆಯನ್ನು ಮಕ್ಕಳು ಬೀಮಿಗೆ, ಅಂದರೆ ಸಾಲು ರಂಧ್ರಗಳಿರುವ ಉದ್ದನೆಯ ತುಂಡಿಗೆ, ಒತ್ತಿ ಕೂಡಿಸುತ್ತಾರೆ. ಆಗ ಅದು ಬ್ರೇಕ್ ಆಗುತ್ತದೆ. ಬುಷ್ ಮತ್ತು ಬೀಮಿನ ನಡುವೆ ಒಂದು ಲಗ್ನಪತ್ರಿಕೆಯ ತುಂಡನ್ನು ಇಟ್ಟು ಬುಷ್ ಒತ್ತಿ, ತುಂಡನ್ನು ಎಳೆದುಕೊಳ್ಳಿ. ಉಳಿದ ಸಂದು ಸಾಕು. ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ತಳ್ಳಿದಾಗ ಸಣ್ಣ ಟಿಕ್ ಅನ್ನುವ ಆಟ ಕೈಗೆ ಸಿಗಬೇಕು. ಬುಷ್‌ನಂತೆಯೇ ಗಾಲಿಯೂ ಬೀಮಿಗೆ ಉಜ್ಜಬಹುದು. ಅಲ್ಲಿಯೂ ಇದೇ ಉಪಾಯ.

ಆಮೇಲೆ ಪಿನ್ನುಗಳು. ಬೀಮುಗಳನ್ನು ಜೋಡಿಸುವ ಪಿನ್ನುಗಳಲ್ಲಿ ಎರಡು ಜಾತಿ. ಕೆಲವದರ ಮೈಮೇಲೆ ಸಣ್ಣ ಏಣುಗಳಿವೆ. ಅವು ರಂಧ್ರವನ್ನು ಬಿಗಿಯಾಗಿ ಹಿಡಿಯುತ್ತವೆ, ಚೌಕಟ್ಟಿಗೆ ಅವೇ ಬೇಕು. ಏಣಿಲ್ಲದವು ಸಲೀಸಾಗಿ ತಿರುಗುತ್ತವೆ. ಉರುಳುವ ಮುಂಗಾಲಿಗೆ, ಸ್ಟೀರಿಂಗಿನ ಕೀಲಿಗೆ ಅವು. ಲೆಗೊದಲ್ಲಿ ಕಪ್ಪು ಪಿನ್ ಬಿಗಿ, ತಿಳಿಬೂದು ಪಿನ್ ಸಡಿಲ. ಬೇರೆ ಕಂಪನಿಗಳ ಬ್ಲಾಕು ಬೆರೆತಿದ್ದರೆ ಬಣ್ಣವನ್ನು ನಂಬಬೇಡಿ, ಒಂದು ಖಾಲಿ ಬೀಮಿಗೆ ಹಾಕಿ ತಿರುಗಿಸಿ ನೋಡಿ. ಮುಂಗಾಲಿಗೆ ಬಿಗಿ ಪಿನ್ ಹಾಕಿದ ಗಾಡಿ ನೆಲದ ಮೇಲೆ ಎಳೆದಾಡುತ್ತ ಹೋಗುತ್ತದೆ, ಮೋಟರಿನ ಬಲವೆಲ್ಲ ಅದಕ್ಕೇ ಖರ್ಚು.

ಬುಷ್, ಪಿನ್ ಎರಡೂ ಸರಿ ಇದ್ದರೆ ಅಚ್ಚನ್ನು ಹೊರಗೆ ತೆಗೆದು ರಂಧ್ರ ನೋಡಿ. ಕೂದಲು, ಕಂಬಳಿಯ ಎಳೆ ಅಚ್ಚಿಗೆ ಸುತ್ತಿಕೊಂಡಿರುತ್ತವೆ. ಮಣ್ಣೆತ್ತಿನ ಅಮವಾಸ್ಯೆ ಹತ್ತಿರ ಬಂದಾಗ ಇನ್ನೊಂದು ಸೇರುತ್ತದೆ: ಎತ್ತು ಮಾಡಿದ ಕೈಯಲ್ಲೇ ಟ್ರ್ಯಾಕ್ಟರ್ ಮುಟ್ಟುತ್ತಾರೆ, ಎರೆಮಣ್ಣು ರಂಧ್ರದಲ್ಲಿ ಒಣಗಿ ಕೂರುತ್ತದೆ. ಎತ್ತಿನ ಪಕ್ಕದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಮಕ್ಕಳ ಆಸೆ ನನಗೆ ಬಹಳ ಇಷ್ಟ, ಆದರೆ ನಡುವೆ ಕೈ ತೊಳೆಯಲಿ. ಒಣಗಿದ ಮಣ್ಣನ್ನು ಟೂತ್‌ಬ್ರಶ್ಶಿನಿಂದ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮೋಟರ್, ಬ್ಯಾಟರಿ ಡಬ್ಬಿಗೆ ಮಾತ್ರ ನೀರು ತಾಗಬಾರದು.

ಎಣ್ಣೆ ಹಾಕಬೇಡಿ. ಹೊಲಿಗೆ ಮಷೀನಿನ ಎಣ್ಣೆ ಧೂಳನ್ನು ಹಿಡಿದು ಗಟ್ಟಿ ಮಾಡುತ್ತದೆ. ಕೆಲವು ಎಣ್ಣೆಗಳು ಈ ಪ್ಲಾಸ್ಟಿಕ್ಕಿನಲ್ಲಿ ಸೀಳು ಹುಟ್ಟಿಸುತ್ತವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಡಿಸೆಂಬರ್ ಮುಂಜಾವಿನಲ್ಲಿ ಅದು ಗಿಯರಿನೊಳಗೆ ಏನಾಗಿರುತ್ತದೆ ಎಂದು ಸೀಸೆ ನೋಡಿದರೇ ಗೊತ್ತಾಗುತ್ತದೆ. ಸಂದು ಸರಿ ಇದ್ದರೆ ಬ್ಲಾಕ್ ಗಾಡಿಗೆ ಎಣ್ಣೆಯೇ ಬೇಕಿಲ್ಲ.

“ಕಟ್ ಕಟ್ ಅಂತೈತ್ರಿ”

ಈ ಸದ್ದಿಗೆ ಕಿವಿ ಕೊಡಿ. ಒಂದು ಗಿಯರಿನ ಹಲ್ಲು ಇನ್ನೊಂದರ ಮೇಲೆ ಹತ್ತಿ ಜಾರುತ್ತಿದೆ. ಹಾಗೇ ಓಡಿಸಿದರೆ ಹಲ್ಲು ಸವೆಯುತ್ತದೆ, ಆದ್ದರಿಂದ ಸದ್ದು ಬಂದ ಕೂಡಲೇ ಬಂದ್ ಮಾಡಬೇಕು. ಬ್ಲಾಕ್ ಗಾಡಿಯಲ್ಲಿ ನಿಜವಾಗಿ ಕಲಿಯಬೇಕಾದ ವಿಷಯ ಇರುವುದು ಇಲ್ಲಿಯೇ.

ಲೆಗೊ ಗಿಯರುಗಳ ಲೆಕ್ಕ ಬಹಳ ಚೊಕ್ಕ. ಹಲ್ಲಿನ ಸಂಖ್ಯೆಯ ಅರ್ಧವೇ ಆ ಗಿಯರಿನ ತ್ರಿಜ್ಯ, ಮಿಲಿಮೀಟರಿನಲ್ಲಿ. 8 ಹಲ್ಲಿನದಕ್ಕೆ 4, 16ಕ್ಕೆ 8, 24ಕ್ಕೆ 12, 40ಕ್ಕೆ 20. ಎರಡು ಗಿಯರ್ ಸರಿಯಾಗಿ ಕಚ್ಚಬೇಕಾದರೆ ಅವುಗಳ ಅಚ್ಚುಗಳ ನಡುವಿನ ದೂರ ಎರಡು ತ್ರಿಜ್ಯಗಳ ಮೊತ್ತ. 8 ಮತ್ತು 24ಕ್ಕೆ 16 ಮಿಲಿಮೀಟರ್. ಬ್ಲಾಕಿನ ತಲೆಯ ಮೇಲಿನ ಗುಂಡು ಉಬ್ಬುಗಳೇ ಸ್ಟಡ್. ಸ್ಟಡ್‌ನಿಂದ ಸ್ಟಡ್‌ಗೆ 8 ಮಿಲಿಮೀಟರ್, ರಂಧ್ರದಿಂದ ರಂಧ್ರಕ್ಕೂ ಅಷ್ಟೇ, ಆದ್ದರಿಂದ ಅಡ್ಡ ಮಲಗಿದ ಬೀಮಿನಲ್ಲಿ ಇದು ಸರಿಯಾಗಿ ಎರಡು ರಂಧ್ರ ದೂರ. ಅಲ್ಲಿ ತಪ್ಪುವ ಮಾತೇ ಇಲ್ಲ.

ತಪ್ಪುವುದು ಒಂದರ ಮೇಲೊಂದು ಕಟ್ಟುವಾಗ. ಬ್ಲಾಕಿನ ಎತ್ತರ 8 ಅಲ್ಲ, 9.6 ಮಿಲಿಮೀಟರ್. ಚಪ್ಪಟೆ ಪ್ಲೇಟಿನ ಎತ್ತರ ಅದರ ಮೂರನೇ ಒಂದು ಭಾಗ, 3.2. ರಂಧ್ರವಿರುವ ಎರಡು ಬ್ಲಾಕುಗಳ ನಡುವೆ ಇನ್ನೊಂದು ಬ್ಲಾಕ್ ಇಟ್ಟರೆ ರಂಧ್ರಗಳ ಅಂತರ 19.2. ಬೇಕಾದದ್ದು 16. ಹಲ್ಲುಗಳು ಒಂದನ್ನೊಂದು ಮುಟ್ಟುವುದಿಲ್ಲ, ಮೋಟರ್ ಮಾತ್ರ ಗಿರಕಿ ಹೊಡೆಯುತ್ತದೆ. ನಡುವೆ ಎರಡು ಪ್ಲೇಟ್ ಇಟ್ಟು ನೋಡಿ: 9.6 ಕೂಡಿಸು 3.2 ಕೂಡಿಸು 3.2, ಸರಿಯಾಗಿ 16. ಬ್ಲಾಕ್, ಎರಡು ಪ್ಲೇಟ್, ಮತ್ತೆ ಬ್ಲಾಕ್. ಇದೊಂದನ್ನು ಮಗು ಬಾಯಿಪಾಠ ಮಾಡಿದರೆ ಅರ್ಧ ಗಾಡಿಗಳು ತಾವಾಗಿ ಓಡುತ್ತವೆ.

ಇದಕ್ಕಿಂತ ಮೋಸದ್ದು 8 ಮತ್ತು 16ರ ಜೋಡಿ. ಅದಕ್ಕೆ ಬೇಕಾದದ್ದು 12. ನಡುವೆ ಒಂದು ಪ್ಲೇಟ್ ಇಟ್ಟರೆ 12.8 ಆಗುತ್ತದೆ. ಕಣ್ಣಿಗೆ ಹಲ್ಲು ಕಚ್ಚಿದಂತೆಯೇ ಕಾಣುತ್ತದೆ, ಕೈಯಲ್ಲಿ ಎತ್ತಿ ಹಿಡಿದರೆ ಚೆನ್ನಾಗಿಯೇ ತಿರುಗುತ್ತದೆ, ಟ್ರ್ಯಾಲಿ ಕಟ್ಟಿದೊಡನೆ ಕಟ್ ಕಟ್. ಹೆಚ್ಚಾದ ಆ 0.8 ಮಿಲಿಮೀಟರಿನಿಂದಾಗಿ ಹಲ್ಲಿನ ತುದಿಗಳಷ್ಟೇ ಹಿಡಿದಿರುತ್ತವೆ. ಎತ್ತಿ ಹಿಡಿದಾಗ ಸರಿ, ಭಾರ ಬಿದ್ದಾಗ ಜಾರು ಅನ್ನುವ ಗಾಡಿ ಬಂದರೆ ನಾನು ಮೊದಲು ಹುಡುಕುವುದು ಈ ಜೋಡಿಯನ್ನೇ. ಇದನ್ನು ಅಡ್ಡ ಬೀಮಿನಲ್ಲಿ ಕಟ್ಟಿ. 12 ಅಂದರೆ ಒಂದೂವರೆ ಸ್ಟಡ್, ಅದಕ್ಕೆ ಅರ್ಧ ಸ್ಟಡ್ ಸರಿದ ರಂಧ್ರವಿರುವ ಸಣ್ಣ ಬ್ಲಾಕುಗಳು ಸಿಗುತ್ತವೆ. ಇಲ್ಲದಿದ್ದರೆ ಆ ಜೋಡಿಯನ್ನೇ ಬಿಟ್ಟು 8 ಮತ್ತು 24 ಹಾಕಿ.

ಅಂತರ ಸರಿಯಿದ್ದೂ ಜಾರುತ್ತಿದ್ದರೆ? ಗಿಯರುಗಳು ತಿರುಗುವಾಗ ಒಂದನ್ನೊಂದು ತಿರುಗಿಸುವುದಷ್ಟೇ ಅಲ್ಲ, ದೂರಕ್ಕೂ ತಳ್ಳುತ್ತವೆ. ಬ್ಲಾಕಿಗೂ ಬ್ಲಾಕಿಗೂ ಇರುವ ಹಿಡಿತ ಸ್ಟಡ್‌ಗಳ ಬಿಗಿ ಮಾತ್ರ. ಭಾರ ಹೆಚ್ಚಿದಾಗ ಮೇಲಿನ ಬ್ಲಾಕ್ ಕೂದಲೆಳೆಯಷ್ಟು ಎದ್ದರೂ ಹಲ್ಲು ಜಾರುತ್ತದೆ. ಮೋಟರ್ ಚಾಲೂ ಇಟ್ಟು, ಗಾಲಿಯನ್ನು ಒಂದು ಕ್ಷಣ ಹಿಡಿದು, ಕಣ್ಣನ್ನು ಪಕ್ಕದಿಂದ ಗಿಯರಿನ ಮಟ್ಟಕ್ಕೆ ತನ್ನಿ. ಚೌಕಟ್ಟು ಬಾಯಿ ತೆರೆಯುವುದು ಕಾಣುತ್ತದೆ. ಪರಿಹಾರವೆಂದರೆ ಹೊರಗಿನಿಂದ ಒಂದು ಬೀಮನ್ನು ನೆಟ್ಟಗೆ ನಿಲ್ಲಿಸಿ ಮೇಲಿನ ಬ್ಲಾಕಿನ ರಂಧ್ರಕ್ಕೂ ಕೆಳಗಿನದಕ್ಕೂ ಪಿನ್ ಹಾಕುವುದು. ಬ್ಲಾಕ್, ಎರಡು ಪ್ಲೇಟ್, ಬ್ಲಾಕ್ ಲೆಕ್ಕದಲ್ಲಿ ಕಟ್ಟಿದ್ದರೆ ಆ ರಂಧ್ರಗಳು ನಿಂತ ಬೀಮಿನ ರಂಧ್ರಗಳಿಗೆ ತಾವಾಗಿ ಹೊಂದುತ್ತವೆ. ಎತ್ತರದ ಗಾಡಿಗೆ ಇನ್ನೊಂದು ಹೊಂದಿಕೆ ಇದೆ: ಐದು ಬ್ಲಾಕಿನ ಎತ್ತರ 48 ಮಿಲಿಮೀಟರ್, ಆರು ಸ್ಟಡ್‌ಗಳ ಉದ್ದವೂ ಅಷ್ಟೇ.

ಕೊನೆಯದಾಗಿ ಅಚ್ಚಿನ ಬಾಗು. ಗಿಯರನ್ನು ಅಚ್ಚಿನ ತುದಿಯಲ್ಲಿ ತೂಗುಬಿಟ್ಟು ಒಂದೇ ಕಡೆ ಬೀಮ್ ಕೊಟ್ಟರೆ ಪ್ಲಾಸ್ಟಿಕ್ ಅಚ್ಚು ಬಾಗುತ್ತದೆ. ಗಿಯರಿನ ಎರಡೂ ಪಕ್ಕಕ್ಕೆ ಆಸರೆ ಇರಲಿ, ಆಗುವುದಾದರೆ ಕಚ್ಚುವ ಎರಡೂ ಅಚ್ಚುಗಳು ಒಂದೇ ಬೀಮಿನ ರಂಧ್ರಗಳಲ್ಲಿ ಹಾಯಲಿ. ಆಗ ಅವುಗಳ ನಡುವಿನ ದೂರ ಜಗ್ಗಿದರೂ ಬದಲಾಗದು.

ಗುಂಯ್ ಅನ್ನುತ್ತದೆ, ಜಗ್ಗುವುದಿಲ್ಲ

ಬಿಗಿತವಿಲ್ಲ, ಜಾರುವ ಸದ್ದೂ ಇಲ್ಲ, ಮೋಟರ್ ಮಾತ್ರ ನರಳುತ್ತ ನಿಂತಿದೆ. ಮೊದಲು ಬಂದ್ ಮಾಡಿ. ತಿರುಗದೆ ನಿಂತ ಮೋಟರ್ ಬೇಗ ಕಾಯುತ್ತದೆ. ಆಮೇಲೆ ಹಲ್ಲಿನ ಲೆಕ್ಕ ಹಾಕಿ.

ಲೆಗೊದವರು 2007ರಲ್ಲಿ ತಂದ ಪವರ್ ಫಂಕ್ಷನ್ಸ್ ಸರಣಿಯ ಎಂ ಮೋಟರ್ 9 ವೋಲ್ಟಿಗೆ, ಭಾರವಿಲ್ಲದೆ, ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. 62 ಮಿಲಿಮೀಟರ್ ಗಾಲಿ ಒಂದು ಸುತ್ತಿಗೆ ಸುಮಾರು 19.5 ಸೆಂಟಿಮೀಟರ್ ಹೋಗುತ್ತದೆ. ಗಾಲಿಯನ್ನು ಮೋಟರಿಗೆ ನೇರವಾಗಿ ಕೂಡಿಸಿದರೆ ಕಾಗದದ ಮೇಲೆ ಸೆಕೆಂಡಿಗೆ 1.3 ಮೀಟರ್, ನಿಜದಲ್ಲಿ ಟ್ರ್ಯಾಕ್ಟರಿನ ಭಾರಕ್ಕೆ ಅದು ಹೊರಡುವುದೇ ಕಷ್ಟ. ನಮ್ಮ ಟ್ರ್ಯಾಕ್ಟರಿನ 9ಕ್ಕೆ 1ರ ಗಿಯರಿನಲ್ಲಿ ವೇಗ ಸೆಕೆಂಡಿಗೆ ಸುಮಾರು 14.5 ಸೆಂಟಿಮೀಟರಿಗೆ ಇಳಿಯುತ್ತದೆ, ಎಳೆಯುವ ಬಲ ಉಜ್ಜುವಿಕೆಯ ನಷ್ಟ ಬಿಟ್ಟು ಒಂಬತ್ತು ಪಟ್ಟಿಗೆ ಹತ್ತಿರ ಬರುತ್ತದೆ. ಟ್ರ್ಯಾಕ್ಟರಿಗೆ ಅದೇ ಸರಿಯಾದ ನಡಿಗೆ. ಮಕ್ಕಳು ಅಂದಕ್ಕೆಂದು ಹಿಂಗಾಲಿಯನ್ನು ಇನ್ನೂ ದೊಡ್ಡದು ಮಾಡುತ್ತಾರೆ. ಗಾಲಿ ದೊಡ್ಡದಾದಷ್ಟು ನೆಲದ ಮೇಲಿನ ಬಲ ಕುಗ್ಗುತ್ತದೆ ಎಂದು ಹೇಳಿ, ಹಲ್ಲಿನ ಲೆಕ್ಕದ ಬದಲಾವಣೆಯನ್ನೂ ಅವರ ಕೈಯಿಂದಲೇ ಮಾಡಿಸಿ.

ಗಿಯರುಗಳನ್ನು ತ್ರಿಕೋನವಾಗಿ ಕೂಡಿಸಿದ್ದರೆ, ಅಂದರೆ ಮೂರೂ ಒಂದಕ್ಕೊಂದು ಕಚ್ಚಿದ್ದರೆ, ಯಾವುದೂ ತಿರುಗಲಾರದು. ಪಕ್ಕದ ಗಿಯರ್ ಎಂದೂ ಎದುರು ದಿಕ್ಕಿಗೆ ತಿರುಗಬೇಕು. ಮೂರನೆಯದಕ್ಕೆ ಎರಡು ದಿಕ್ಕಿನ ಆಜ್ಞೆ ಬರುತ್ತದೆ. ನಾಲ್ಕೂ ಗಾಲಿಗೆ ಮೋಟರ್ ಕೊಟ್ಟ ಟ್ರ್ಯಾಕ್ಟರಿನಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ಬರುತ್ತದೆ. ಹಿಂಗಾಲಿ ದೊಡ್ಡದು, ಮುಂಗಾಲಿ ಸಣ್ಣದು, ಎರಡೂ ಅಚ್ಚಿಗೆ ಒಂದೇ ಸುತ್ತು. ಹಿಂದಿನದು ಮುಂದೆ ನುಗ್ಗುತ್ತದೆ, ಮುಂದಿನದು ತಡೆಯುತ್ತದೆ. ಗಾಲಿಗಳ ವ್ಯಾಸದ ಪ್ರಮಾಣಕ್ಕೆ ಸರಿಯಾಗಿ ಮುಂದಿನ ಅಚ್ಚಿಗೆ ಹೆಚ್ಚು ಸುತ್ತು ಸಿಗುವಂತೆ ಗಿಯರ್ ಹಾಕಬೇಕು, ಇಲ್ಲವೇ ಮುಂದಿನದನ್ನು ಸುಮ್ಮನೆ ಉರುಳಲು ಬಿಡಬೇಕು. ಎರಡು ಅಚ್ಚು ಎದುರುಬದುರು ತಿರುಗುತ್ತಿದ್ದರಂತೂ ಒಂದು ಕಡೆಯ ಓರೆಹಲ್ಲಿನ ಗಿಯರನ್ನು (ತಿರುಗನ್ನು ಅಡ್ಡಕ್ಕೆ ಹೊರಳಿಸುವುದನ್ನು) ಆಚೆ ಬದಿಗೆ ಕೂಡಿಸಿದರೆ ಮುಗಿಯಿತು.

ಸೆಲ್ ಮೇಲೆ ಅನುಮಾನ ಬರುವುದು ಈಗ

ಇಷ್ಟೆಲ್ಲ ಸರಿಯಿದ್ದು ನೆಲದ ಮೇಲೆ ಬಲ ಸಾಲದಿದ್ದರೆ ಬ್ಯಾಟರಿ ಡಬ್ಬಿ ತೆರೆಯಿರಿ. ಆರು ಪೆನ್ಸಿಲ್ ಸೆಲ್ಲುಗಳಲ್ಲಿ ಒಂದು ತಲೆಕೆಳಗಾಗಿದ್ದರೆ ಅದು ತನ್ನ ಒಂದೂವರೆ ವೋಲ್ಟನ್ನು ಕೊಡದಿರುವುದಷ್ಟೇ ಅಲ್ಲ, ಇನ್ನೊಂದರದನ್ನೂ ತಿನ್ನುತ್ತದೆ. 9ರ ಜಾಗದಲ್ಲಿ 6 ಉಳಿಯುತ್ತದೆ, ಗಾಡಿ ತೆವಳುತ್ತದೆ, ಆ ಸೆಲ್ ಸೋರುವ ಅಪಾಯವೂ ಇದೆ.

ಕಿರಾಣಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಜಿಂಕ್ ಕಾರ್ಬನ್ ಸೆಲ್ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಒಳ್ಳೆಯದು. ಮೋಟರ್ ಕೇಳುವ ಕರೆಂಟನ್ನು ಕೊಡುವಾಗ ಅದರ ವೋಲ್ಟ್ ಕುಸಿಯುತ್ತದೆ. ಸುಮ್ಮನಿದ್ದಾಗ ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ಹೊಸದೇ ಅನಿಸುತ್ತದೆ, ಆದ್ದರಿಂದ ಮೋಟರ್ ಓಡುತ್ತಿರುವಾಗ ಒಂದೊಂದೇ ಸೆಲ್ಲಿನ ಎರಡು ತುದಿಗೆ ಕಡ್ಡಿ ಹಿಡಿದು ಅಳೆಯಿರಿ. ಉಳಿದವುಗಳಿಗಿಂತ ಬಹಳ ಕೆಳಗೆ ಬಿದ್ದದ್ದೇ ಕಳ್ಳ. ರಿಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಲಾ 1.2 ವೋಲ್ಟ್, ಆರಕ್ಕೆ 7.2. ಕಡಿಮೆ ಅನಿಸಿದರೂ ಭಾರ ಬಿದ್ದಾಗ ಅದು ಕುಸಿಯದೆ ನಿಲ್ಲುತ್ತದೆ. ವರ್ಷವಿಡೀ ಆಡುವ ಮನೆಗೆ ನಾನು ಹೇಳುವುದು ಅದನ್ನೇ. ಎರಡು ಜಾತಿಯ ಸೆಲ್ಲನ್ನಾಗಲಿ, ಹಳೆಯದು ಹೊಸದನ್ನಾಗಲಿ ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ.

ಅಲ್ಕಲೈನ್ ಸೆಲ್ ಸೋರಿ ಡಬ್ಬಿಯ ಪಟ್ಟಿಗಳ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ದೊಡ್ಡವರು ಕೈಗವಸು ಹಾಕಿ, ಹತ್ತಿಗೆ ಒಂದೆರಡು ಹನಿ ಲಿಂಬೆರಸ ಹಚ್ಚಿ ಒರೆಸಬೇಕು. ಆಮೇಲೆ ತುಸು ಒದ್ದೆ ಹತ್ತಿ, ಆಮೇಲೆ ಒಣ ಬಟ್ಟೆ.

“ಮೂತಿ ಎತ್ತತೈತ್ರಿ”

ಟ್ರ್ಯಾಲಿ ಕಟ್ಟಿದಾಗ ಬರುವ ದೂರು. ಕೊಂಡಿ ಹಿಂದಿನ ಅಚ್ಚಿಗಿಂತ ಮೇಲಿದ್ದರೆ ಟ್ರ್ಯಾಲಿಯ ಎಳೆತ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತದೆ, ಮುಂಗಾಲಿ ಏಳುತ್ತದೆ. ಹೊಲದಲ್ಲಿ ನಿಜವಾದ ಟ್ರ್ಯಾಕ್ಟರ್ ಹಿಂದಕ್ಕೆ ಬೀಳುವುದಕ್ಕೂ ಇದೊಂದು ಕಾರಣ. ಅದಕ್ಕೇ ಎಳೆಯುವ ಕೊಂಡಿ ಅಚ್ಚಿಗಿಂತ ಕೆಳಗಿರುತ್ತದೆ, ಮೂತಿಗೆ ಕಬ್ಬಿಣದ ತೂಕ ಹಾಕುತ್ತಾರೆ. ಊರಿಗೆ ಹೋದಾಗ ನೋಡಿ ಬಾ ಎಂದು ಮಗುವಿಗೆ ಹೇಳಿ. ಮುಂದಿನ ವಾರ ಕೊಂಡಿ ತಾನಾಗಿ ಕೆಳಗೆ ಇಳಿದಿರುತ್ತದೆ.

ಗಾಲಿ ತಿರುಗುತ್ತಿದ್ದೂ ಗಾಡಿ ಅಲ್ಲೇ ಇದ್ದರೆ ಹಿಡಿತವಿಲ್ಲ. ನುಣುಪಾದ ಶಹಾಬಾದ ಫರಸಿಯ ಮೇಲೆ ಸಣ್ಣ ಧೂಳಿದ್ದರೆ ರಬ್ಬರ್ ಜಾರುತ್ತದೆ. ಟೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಭಾರ ಎಲ್ಲಿದೆ ನೋಡಿ: ಆರು ಸೆಲ್ ತುಂಬಿದ ಡಬ್ಬಿಯೇ ಗಾಡಿಯಲ್ಲಿ ಅತಿ ಭಾರದ್ದು, ಅದು ಹಿಂದಿನ ಅಚ್ಚಿನ ತುಸು ಮುಂದೆ ಕೂರಲಿ. ತೀರ ಮೂತಿಯಲ್ಲಿಟ್ಟರೆ ಹಿಂಗಾಲಿ ಹಗುರಾಗಿ ಸುಮ್ಮನೆ ಸುತ್ತುತ್ತದೆ. ಹಿಂಗಾಲಿಗಳ ನಡುವೆ ಡಿಫರೆನ್ಷಿಯಲ್ (ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್ ಜೋಡಣೆ) ಇದ್ದು ಒಂದೇ ಗಾಲಿ ತಿರುಗುತ್ತಿದ್ದರೆ ಆ ಗಾಲಿ ನೆಲ ಬಿಟ್ಟಿದೆ ಇಲ್ಲವೇ ಇನ್ನೊಂದು ಬಿಗಿಯಾಗಿದೆ. ಎತ್ತಿ ಹಿಡಿದು ಒಂದನ್ನು ತಡೆದರೆ ಇನ್ನೊಂದು ಎರಡು ಪಟ್ಟು ವೇಗದಲ್ಲಿ ತಿರುಗಬೇಕು. ಎರಡೂ ತಿರುಗದಿದ್ದರೆ ಒಳಗಿನ ಮೂರು ಪುಟ್ಟ ಗಿಯರುಗಳಲ್ಲಿ ಒಂದು ಕಳಚಿದೆ. ಗಾಡಿ ಸದಾ ಒಂದೇ ಕಡೆ ವಾಲಿ ಹೋಗುತ್ತಿದ್ದರೂ ಆ ಕಡೆಯ ಗಾಲಿಯ ಬುಷ್ ನೋಡಿ.

ಬಿಡಿ ದೂರುಗಳು

ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ ಎಂದರೆ ವರ್ಮ್ ಗಿಯರ್ ತನ್ನ ಅಚ್ಚಿನ ಮೇಲೆ ಸರಿಯುತ್ತಿದೆ. ತಿರುಗುವಾಗ ಅದು ಉದ್ದಕ್ಕೂ ತಳ್ಳಿಕೊಳ್ಳುತ್ತದೆ, ಎರಡೂ ಬದಿಗೆ ತಡೆ ಬೇಕು.

ಪಡಸಾಲೆಯಲ್ಲಿ ರಿಮೋಟಿಗೆ ಬಗ್ಗಿ ಅಂಗಳದಲ್ಲಿ ಬಗ್ಗದಿದ್ದರೆ ಅದು ಅವಗೆಂಪು (ಇನ್‌ಫ್ರಾರೆಡ್) ಬೆಳಕಿನ ರಿಮೋಟ್. ಬಿಸಿಲಿನಲ್ಲೂ ಅದೇ ಬೆಳಕಿರುವುದರಿಂದ ರಿಸೀವರಿಗೆ ಸಂಕೇತ ಕಾಣುವುದಿಲ್ಲ. ನೆರಳಿಗೆ ಬನ್ನಿ. ಬ್ಲೂಟೂತ್ ಇರುವವಕ್ಕೆ ಈ ತೊಂದರೆ ಇಲ್ಲ.

ಮನೆಯಲ್ಲಿ ಓಡಿದ ಗಾಡಿ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಷ್ಟರಲ್ಲಿ ಮುಷ್ಕರ ಹೂಡಿದ್ದರೆ ದಾರಿಯ ಅಲುಗಾಟಕ್ಕೆ ಪಿನ್ನು, ಕನೆಕ್ಟರ್ ಎದ್ದಿರುತ್ತವೆ. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ.

ಕೆಲ ಸೆಕೆಂಡು ಓಡಿ ನಿಂತು, ತುಸು ಹೊತ್ತಿನ ಮೇಲೆ ಮತ್ತೆ ಓಡುವ ಗಾಡಿಯಲ್ಲಿ ಮೋಟರ್ ಹಾಳಾಗಿದೆ ಎಂದು ಎಸೆಯಬೇಡಿ. ಹಲವು ಮೋಟರುಗಳೊಳಗೆ ಕಾವು ಹೆಚ್ಚಿದರೆ ಕರೆಂಟ್ ತಡೆಯುವ ರಕ್ಷಣೆ ಇರುತ್ತದೆ. ಅದು ತನ್ನ ಕೆಲಸ ಮಾಡುತ್ತಿದೆ. ಮೋಟರನ್ನು ತಣ್ಣಗಾಗಲು ಬಿಟ್ಟು, ಬಿಡಿಸಿಟ್ಟು, ಮತ್ತೆ ಹಿಂಗಾಲಿಯನ್ನು ಬೆರಳಿನಿಂದ ತಳ್ಳಿ ನೋಡಿ.